ಗಂಗರತ್ನಮ್ಮ ಹಾಕಿಸಿಕೊಳ್ಳದ ವಂಕಿ

ಗಂಗರತ್ನಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಬಂಗಾರಪೇಟೆಯ ರೈಲ್ವೆ ಲೈನಿನ ಮನೆಗಳಲ್ಲಿ ಯಾರನ್ನು ಕೇಳಿದರೂ ಇದೇ ಮಾತು ಹೇಳುತ್ತಿದ್ದರು. ಗಂಡ ಕೋದಂಡಪ್ಪ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಒಬ್ಬಳೇ ಮಗಳು, ಸಾವಿರದ ಒಂಬೈನೂರ ಐವತ್ತೈದರಲ್ಲಿ ಹುಟ್ಟಿದವಳು. ಮಿಡ್ಲ್ ಸ್ಕೂಲು ಪಾಸಾಗಿದ್ದ ಗಂಗರತ್ನಮ್ಮನಿಗೆ ಅರವತ್ನಾಲ್ಕರಲ್ಲಿ ಬೇತಮಂಗಲದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಕುಟುಂಬ ಯೋಜನೆಯ ಸಹಾಯಕಿಯ ಕೆಲಸ ಸಿಕ್ಕಿತು. ಬೆಳಗಿನ ಬಸ್ಸು ಹಿಡಿದು ಹೋಗುವುದು, ಊರೂರು ಸುತ್ತುವುದು, ಮಕ್ಕಳು ಸಾಕು ಅನ್ನಿಸಿದವರಿಗೆ ಏನು ದಾರಿ ಇದೆ ಎಂದು ತಿಳಿಸುವುದು. ಕೆಲಸ ಇಷ್ಟೇ.

ಮೊದಲ ವರ್ಷ ಆಕೆಯ ಮಾತನ್ನು ಕೇಳಿದವರು ಕಡಿಮೆ. ಆಗ ಕೈಚೀಲದಲ್ಲಿದ್ದದ್ದು ಹೆಂಗಸರು ಒಳಗಿಟ್ಟುಕೊಳ್ಳುವ ನೊರೆ ಮಾತ್ರೆ ಮತ್ತು ಗಂಡಸರು ಬಳಸುವ ರಬ್ಬರ್ ಚೀಲ. ಮಾತ್ರೆ ಮಳೆಗಾಲದ ತೇವಕ್ಕೆ ಡಬ್ಬಿಯಲ್ಲೇ ಪುಡಿಯಾಗುತ್ತಿತ್ತು. ಒಂದು ಸಲ ಬಳಸಿದವರು ಉರಿ ತಾಳಲಾರದೆ ಮಿಕ್ಕಿದ್ದನ್ನು ತಿಪ್ಪೆಗೆ ಎಸೆಯುತ್ತಿದ್ದರು. ರಬ್ಬರ್ ಚೀಲದ ಮಾತನ್ನು ಗಂಡನ ಮುಂದೆ ಎತ್ತಿದ ಒಬ್ಬಳಿಗೆ, ಇದನ್ನೆಲ್ಲ ನಿನಗೆ ಯಾರು ಕಲಿಸಿದರು ಎಂದು ಏಟು ಬಿದ್ದಿತ್ತು. ಗಂಡಸರ ಆಪರೇಷನ್ ಎಂದರಂತೂ ಊರಿಗೆ ಊರೇ ನಗುತ್ತಿತ್ತು.

ಅಷ್ಟರಲ್ಲಿ ಲೂಪ್ ಬಂತು. ಬಿಳೀ ಪ್ಲಾಸ್ಟಿಕ್ಕಿನದು, ಹಾವು ಹರಿದ ಹಾಗೆ ಬಾಗಿದ್ದು, ತುದಿಯಲ್ಲಿ ಎರಡೆಳೆ ದಾರ. ಡಾಕ್ಟರು ಒಂದು ಸಲ ಗರ್ಭಕೋಶದೊಳಗೆ ಇಟ್ಟರೆ ವರ್ಷಗಟ್ಟಲೆ ಯೋಚನೆ ಇಲ್ಲ, ಬೇಡವೆಂದಾಗ ತೆಗೆಸಿಕೊಂಡರಾಯಿತು. ಜನ ಅದನ್ನು ವಂಕಿ ಎಂದರು. ಚಿನ್ನದ ಗಣಿಯ ಪಕ್ಕದಲ್ಲೇ ಹುಟ್ಟಿ ಬೆಳೆದರೂ ತೋಳಿಗೆ ಒಂದು ಚಿನ್ನದ ವಂಕಿ ಕಾಣದ ನಮಗೆ ಸರ್ಕಾರದವರು ಪ್ಲಾಸ್ಟಿಕ್ ವಂಕಿ ಕೊಡುತ್ತಿದ್ದಾರೆ ಎಂದು ಹೆಂಗಸರು ನಕ್ಕರು. ನಗುತ್ತಿದ್ದರೂ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ನೊರೆ ಮಾತ್ರೆಯನ್ನು ಯಾರೂ ಹಾಗೆ ನೋಡಿರಲಿಲ್ಲ.

ಅರವತ್ತಾರರ ಯುಗಾದಿ ಕಳೆದ ವಾರ, ಬೇತಮಂಗಲದ ಕೆರೆಯಿಂದ ಎರಡು ಮೈಲಿ ಆಚೆಯ ಒಂದು ಹಳ್ಳಿಯಲ್ಲಿ, ಕದಿರಮ್ಮನ ಮನೆಯ ಜಗುಲಿಯ ಮೇಲೆ ಏಳೆಂಟು ಹೆಂಗಸರು ಸೇರಿದ್ದರು. ಕದಿರಮ್ಮನಿಗೆ ಇಪ್ಪತ್ತೊಂಬತ್ತು ವರ್ಷ, ಐದು ಮಕ್ಕಳು, ಐದನೆಯದು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಗಂಡ ಬಚ್ಚಪ್ಪ ಮೈಸೂರು ಮೈನ್ಸ್ ಅನ್ನುವ ಚಿನ್ನದ ಗಣಿಯಲ್ಲಿ ಸುರಂಗದ ಕೆಲಸದವನು, ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಗಂಗರತ್ನಮ್ಮ ಎಲ್ಲ ವಿವರಿಸಿ ಮುಗಿಸಿದ ಮೇಲೆ ಕದಿರಮ್ಮ ಕೇಳಿದಳು:

"ಅಕ್ಕಾ, ನೀನು ಆಕಿಸ್ಕೊಂಡಿದೀಯಾ?"

ಗಂಗರತ್ನಮ್ಮ ಬಾಯಿ ತೆರೆಯುವ ಮೊದಲೇ ಕದಿರಮ್ಮನ ಅತ್ತೆ ಚಿಕ್ಕವೆಂಕಟಮ್ಮ, ಇವಳಿಗೆ ಒಂದೇ ಮಗು ಅಲ್ಲವೇ, ಹಾಕಿಸಿಕೊಂಡೇ ಇರುತ್ತಾಳೆ ಎಂದುಬಿಟ್ಟಳು. ಎಲ್ಲರೂ ಗಂಗರತ್ನಮ್ಮನ ಮುಖ ನೋಡಿದರು.

"ಊಂ, ಆಕಿಸ್ಕೊಂಡಿದೀನಿ," ಎಂದಳು ಗಂಗರತ್ನಮ್ಮ. "ನಂಗೇನೂ ಆಗ್ಲಿಲ್ಲ."

ಲೂಪ್ ಬಂದು ವರ್ಷವಾಗಿರಲಿಲ್ಲ, ಆಕೆಯ ಮಗಳಿಗೆ ಆಗಲೇ ಹನ್ನೊಂದು. ಯಾರೂ ಅದನ್ನು ಹೊಂದಿಸಿ ನೋಡಲಿಲ್ಲ.

ನಿಜ ಬೇರೆಯೇ ಇತ್ತು. ಮಗಳು ಹುಟ್ಟಿದಾಗ ಬಾಣಂತಿ ಜ್ವರ ಬಂದು ಗಂಗರತ್ನಮ್ಮ ಮೂರು ವಾರ ಎಚ್ಚರವಿಲ್ಲದೆ ಮಲಗಿದ್ದಳು. ಎದ್ದಳು, ಆದರೆ ಮತ್ತೆ ಬಸಿರಾಗಲಿಲ್ಲ. ಒಂದು ಹೆತ್ತು ನಿಂತವಳನ್ನು ಕಾಕಬಂಜೆ ಅನ್ನುತ್ತಾರೆ. ಲೈನಿನ ಮನೆಗಳ ನಲ್ಲಿಯ ಹತ್ತಿರ ಆ ಮಾತು ಆಕೆಯ ಬೆನ್ನ ಹಿಂದೆ ಎಷ್ಟೋ ಸಲ ಬಿದ್ದಿತ್ತು. ಪ್ರತಿ ವರ್ಷ ಆವಣಿ ಬೆಟ್ಟ ಹತ್ತಿ, ಇನ್ನೊಂದು ಮಗು ಕೊಡು ತಾಯಿ ಎಂದು ಸೀತಮ್ಮನಿಗೆ ಹರಕೆ ಹೊತ್ತು ಬರುತ್ತಿದ್ದಳು. ಆ ವರ್ಷವೂ ಹತ್ತಿದ್ದಳು. ಮಕ್ಕಳು ಸಾಕು ಎಂದು ಊರೂರಲ್ಲಿ ಹೇಳಿ, ಬೆಟ್ಟದ ಮೇಲೆ ಮಗು ಬೇಕು ಎಂದು ಅಳುವುದು ಆಕೆಗೇ ನಾಚಿಕೆಯ ವಿಷಯವಾಗಿತ್ತು. ಜಗುಲಿಯ ಮೇಲೆ ಬಾಯಿಗೆ ಬಂದ ಸುಳ್ಳು ಆ ನಾಚಿಕೆಯನ್ನು ಚೆನ್ನಾಗಿ ಮುಚ್ಚಿತು. ಕೆಲಸಕ್ಕೂ ಬಂತು. ಮುಂದಿನ ಊರಲ್ಲಿ ಯಾರೂ ಕೇಳುವ ಮೊದಲೇ ಆಕೆ ಅದನ್ನು ಹೇಳಿದಳು. ಒಂದು ತಿಂಗಳೊಳಗೆ ಹತ್ತೊಂಬತ್ತು ಹೆಂಗಸರು ಜೀಪು ಹತ್ತಿ ಆರೋಗ್ಯ ಕೇಂದ್ರದವರ ಲೂಪ್ ಕ್ಯಾಂಪಿಗೆ ಬಂದರು. ಒಬ್ಬರ ಹಿಂದೆ ಒಬ್ಬರಿಗೆ, ಮಧ್ಯಾಹ್ನದೊಳಗೆ ಎಲ್ಲರಿಗೂ ಲೂಪ್ ಹಾಕಿ ಕಳಿಸಿದರು. ಕದಿರಮ್ಮ ಎರಡನೆಯವಳು.

ಡಿಸೆಂಬರಿನಲ್ಲಿ ರಾಗಿ ಕೊಯ್ಲು ನಡೆಯುತ್ತಿತ್ತು. ಗಂಗರತ್ನಮ್ಮ ಬಸ್ಸಿಳಿದು ಊರ ಕಡೆ ನಡೆಯುತ್ತಿರುವಾಗ ಹೊಲದ ಬದುವಿನ ಮೇಲೆ ಜನ ಗುಂಪುಗೂಡಿದ್ದು ಕಂಡಿತು. ರಾಗಿ ಹೊರೆ ಹೊತ್ತಿದ್ದ ಕದಿರಮ್ಮ ಕುಸಿದು ಬಿದ್ದಿದ್ದಳು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಒಳಗೆ ಸುಣ್ಣದಂತೆ ಬಿಳಿಚಿತ್ತು. ಸೀರೆ ಒದ್ದೆಯಾಗಿತ್ತು. ಬಚ್ಚಪ್ಪ ಪಾಳಿಯಲ್ಲಿದ್ದ. ಎತ್ತಿನ ಗಾಡಿ ಹೂಡಿಸಿ ಗಂಗರತ್ನಮ್ಮನೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಕದಿರಮ್ಮನ ತಲೆ ಆಕೆಯ ತೊಡೆಯ ಮೇಲಿತ್ತು.

ಲೇಡಿ ಡಾಕ್ಟರು ಲೂಪ್ ತೆಗೆದರು, ಇಂಜೆಕ್ಷನ್ ಕೊಟ್ಟರು, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಹಾಕಿಸಿಕೊಂಡ ಮರು ತಿಂಗಳಿನಿಂದ, ಎಂದಳು ಕದಿರಮ್ಮ. ತಿಂಗಳಲ್ಲಿ ಇಪ್ಪತ್ತು ದಿನ ರಕ್ತ ಹೋಗುತ್ತಿತ್ತು. ಮುಟ್ಟಾದವಳು ಒಲೆ ಮುಟ್ಟುವಂತಿಲ್ಲ, ಒಳಗೆ ಬರುವಂತಿಲ್ಲ. ಇಪ್ಪತ್ತು ದಿನ ಹೊರಗೆ ಕೂತರೆ ಐದು ಮಕ್ಕಳಿಗೆ ಬೇಯಿಸಿ ಹಾಕುವವರು ಯಾರು? ಅತ್ತೆಗೆ ತಿಳಿಯದಂತೆ ಬಟ್ಟೆ ಒಗೆದು, ಬೇಲಿಯ ಮರೆಯಲ್ಲಿ ಒಣಗಿಸಿ, ಅಡಿಗೆ ಮಾಡಿ, ದೇವರಿಗೂ ದೀಪ ಹಚ್ಚಿದ್ದಳು. ಪಾಪ ಮಾಡುತ್ತಿದ್ದೇನೆ ಎಂದು ಏಳು ತಿಂಗಳು ಹೆದರಿಕೊಂಡೇ ಬದುಕಿದ್ದಳು. ಬಂದು ಹೇಳಬಾರದಿತ್ತೇ ಎಂದು ಡಾಕ್ಟರು ಗದರಿದಾಗ ಗೋಡೆಯ ಕಡೆ ತಿರುಗಿಕೊಂಡಳು. ಡಾಕ್ಟರು ಹೊರಗೆ ಹೋದ ಮೇಲೆ ಗಂಗರತ್ನಮ್ಮನಿಗೆ ಹೇಳಿದಳು:

"ನಿಂಗೇನೂ ಆಗ್ಲಿಲ್ಲ ಅಂದ್ಯಲ್ಲಕ್ಕಾ. ನನ್ ಮೈಯೇ ಕೆಟ್ಟದ್ದು ಅನ್ಕೊಂಡೆ. ಅದನ್ನ ಎಂಗೆ ಯೋಳ್ಲಿ?"

ಗಂಗರತ್ನಮ್ಮ ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನೀರು ತರುತ್ತೇನೆಂದು ಹೊರಗೆ ಬಂದು, ತೊಟ್ಟಿಯ ಹತ್ತಿರ ತಂಬಿಗೆ ಹಿಡಿದು ನಿಂತಳು. ಹತ್ತು ನಿಮಿಷ ಒಳಗೆ ಹೋಗಲಾಗಲಿಲ್ಲ.

ಆ ವಾರವೇ ಮಿಕ್ಕ ಹದಿನೆಂಟು ಮನೆಗಳಿಗೂ ಹೋದಳು. ಮೊದಲೇ ಹೋಗಬೇಕಾಗಿತ್ತು; ಹಾಕಿಸಿದ ಮೇಲೆ ಹೇಗಿದ್ದೀರಿ ಎಂದು ಕೇಳಲು ಆಕೆ ಯಾರ ಮನೆಗೂ ಹೋಗಿರಲಿಲ್ಲ. ಹನ್ನೊಂದು ಜನ ಆರಾಮಾಗಿದ್ದರು. ಮೊದಲ ತಿಂಗಳು ಸ್ವಲ್ಪ ಹೊಟ್ಟೆ ನೋವು ಬಂದದ್ದು ಬಿಟ್ಟರೆ ಏನಿಲ್ಲ, ಪುಣ್ಯ ಬಂತು ಎಂದರು. ಒಬ್ಬಳು ತವರಿಗೆ ಹೋಗಿದ್ದಳು. ಒಬ್ಬಳಿಗೆ ಅದು ಗೊತ್ತೇ ಆಗದಂತೆ ಬಿದ್ದುಹೋಗಿ, ಈಗ ನಾಲ್ಕು ತಿಂಗಳು ಬಸಿರು. ಇನ್ನೊಬ್ಬಳು ಬೆನ್ನು ನೋವು ತಾಳದೆ ರಾಬರ್ಟ್‌ಸನ್‌ಪೇಟೆಯ ಡಾಕ್ಟರ ಹತ್ತಿರ ತೆಗೆಸಿಕೊಂಡಿದ್ದಳು. ಉಳಿದ ನಾಲ್ವರು ಕದಿರಮ್ಮನಂತೆಯೇ ರಕ್ತ ಕಳೆದುಕೊಳ್ಳುತ್ತ, ಬಾಯಿ ಮುಚ್ಚಿಕೊಂಡಿದ್ದರು. ಗಂಗರತ್ನಮ್ಮನಿಗೆ ಏನೂ ಆಗಿಲ್ಲವಂತೆ, ಆದದ್ದು ತನಗೊಬ್ಬಳಿಗೇ ಎಂದು ಅವರಲ್ಲಿ ಪ್ರತಿಯೊಬ್ಬಳೂ ನಂಬಿದ್ದಳು. ನಾಲ್ವರನ್ನೂ ಕರೆದೊಯ್ದು ತೆಗೆಸಿದಳು.

ಸಂಕ್ರಾಂತಿಯ ಹಿಂದಿನ ದಿನ ಕದಿರಮ್ಮನ ಮನೆಗೆ ಹೋದಳು. ಕದಿರಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬಾಗಿಲಲ್ಲಿ ಅತ್ತೆ ಕೂತಿದ್ದಳು. ಗಂಗರತ್ನಮ್ಮ ಕೂರಲಿಲ್ಲ.

"ಕದಿರಮ್ಮ, ನಾನು ಆಕಿಸ್ಕೊಂಡಿಲ್ಲ. ಅವತ್ತು ಸುಳ್ಳೇಳ್ದೆ. ಜ್ವರ ಬಂದು ನಂಗೆ ಮಕ್ಳಾಗೋದು ನಿಂತೋಯ್ತು, ಅದಕ್ಕೇ ಒಂದೇ. ಅದನ್ನ ಯೋಳ್ಕೊಳಾಕೆ ನಾಚ್ಕೆ ಆಯ್ತು."

ಕದಿರಮ್ಮ ಕಾಯಿ ಸುಲಿಯುತ್ತಲೇ ಇದ್ದಳು. 

"ನಿನ್ ನಾಚ್ಕೆ ಮುಚ್ಕೊಳಾಕೆ ನನ್ ರಕ್ತ ಬೇಕಾಯ್ತಾ?" ಎಂದಳು, ದನಿ ಎತ್ತದೆ.

ಅತ್ತೆ ಮಾತ್ರ ಸುಮ್ಮನಿರಲಿಲ್ಲ. ತೆಲುಗು ಕನ್ನಡ ಎರಡರಲ್ಲೂ ಬೈದಳು. ಮಕ್ಕಳಾಗದವಳು ಮಕ್ಕಳೊಂದಿಗರ ಮನೆಗೆ ಬಂದು ಕಣ್ಣು ಹಾಕಿದ್ದಕ್ಕೇ ಸೊಸೆಗೆ ಹೀಗಾಯಿತು ಎಂದಳು. ಗಂಗರತ್ನಮ್ಮ ಪೂರ್ತಿ ಕೇಳಿಸಿಕೊಂಡು, ಕೈಚೀಲ ಎತ್ತಿಕೊಂಡು ಹೊರಟಳು.

ಮಾತು ಆಕೆಗಿಂತ ಮುಂಚೆ ಊರುಗಳನ್ನು ಸುತ್ತಿತು. ಕೆಲವು ಮನೆಗಳಲ್ಲಿ ಆಕೆಯನ್ನು ಕಂಡು ಮಕ್ಕಳನ್ನು ಒಳಗೆ ಕರೆದುಕೊಂಡರು. ಬಸ್ಸಿನ ಜೊತೆಗೇ ಸುದ್ದಿ ಬಂಗಾರಪೇಟೆಗೂ ಬಂದು ಸ್ಟೇಷನ್ನಿನಲ್ಲಿ ಕೋದಂಡಪ್ಪನ ಕಿವಿಗೆ ಬಿತ್ತು. ಹನ್ನೆರಡು ವರ್ಷ ಯಾರ ಮುಂದೆಯೂ ಆಡದಿದ್ದ ಮನೆಯ ಮಾತನ್ನು ಊರವರಿಗೆಲ್ಲ ಹೇಳಬೇಕಾಗಿತ್ತೇ ಎಂದು ಆತ ಒಂದೇ ಸಲ ಕೇಳಿದ. ಆಮೇಲೆ ಒಂದು ತಿಂಗಳು ಆಕೆಯೊಡನೆ ಮಾತಾಡಲಿಲ್ಲ. ಆತನಿಗೂ ಅವಮಾನವಾಗಿದೆ ಎಂಬುದು ಆಕೆಗೆ ಆಗಲೇ ಹೊಳೆದದ್ದು. ಅಲ್ಲಿಯವರೆಗೆ ಅದು ತನ್ನೊಬ್ಬಳದೇ ಎಂದುಕೊಂಡಿದ್ದಳು.

ಗಂಗರತ್ನಮ್ಮ ರಾಜೀನಾಮೆ ಬರೆದುಕೊಂಡು ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಓದಿ ಮಡಿಸಿ ಹಿಂದಕ್ಕೆ ಕೊಟ್ಟರು. ಕ್ಯಾಂಪಿನ ದಿನ ಒಬ್ಬೊಬ್ಬರನ್ನೂ ಸರಿಯಾಗಿ ಪರೀಕ್ಷೆ ಮಾಡದೆ, ಮೈಯಲ್ಲಿ ರಕ್ತ ಎಷ್ಟಿದೆ ಎಂದು ನೋಡದೆ ಹಾಕಿದವಳು ನಾನು, ನನ್ನ ರಾಜೀನಾಮೆ ಯಾರಿಗೆ ಕೊಡಲಿ ಎಂದು ಕೇಳಿದರು. ಇನ್ನು ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳು, ಬಂದವರು ಬರಲಿ ಎಂದರು.

ಬಂದವರು ಕಡಿಮೆಯೇ. ಲೆಕ್ಕ ಇಷ್ಟು ಕಡಿಮೆ ಏಕೆ ಎಂದು ಮೇಲಿನವರಿಂದ ಎಚ್ಚರಿಕೆಯ ಕಾಗದವೂ ಬಂತು. ಆದರೆ ಆ ಮಾರ್ಚಿನ ಒಂದು ಮಧ್ಯಾಹ್ನ ಬಚ್ಚಪ್ಪ ತಾನೇ ಸೈಕಲ್ ತಳ್ಳಿಕೊಂಡು ಕೇಂದ್ರದ ಹುಣಸೆಮರದ ಕೆಳಗೆ ಬಂದು ನಿಂತ. ಹೆಂಡತಿ ಚೇತರಿಸಿಕೊಳ್ಳುತ್ತಿದ್ದಳು, ಮತ್ತೆ ಬಸಿರಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನೆಲ ನೋಡುತ್ತಲೇ ಗಂಡಸರ ಆಪರೇಷನ್ ಬಗ್ಗೆ ಕೇಳಿದ. ಗಂಗರತ್ನಮ್ಮನೂ ನೆಲ ನೋಡುತ್ತಲೇ ಹೇಳಿದಳು.

"ಗಂಡಸ್ತನ ಓಗಲ್ಲ. ನೋವಿರ್ತದೆ, ಒಂದು ವಾರ ಊದ್ಕೊಂತದೆ, ಕೆಲವ್ರಿಗೆ ಕೀವೂ ಆಗ್ತದೆ. ಆದ್ಮೇಲೂ ಮೂರು ತಿಂಗ್ಳು ರಬ್ಬರ್ ಚೀಲ ಬಳಸ್ಲೇಬೇಕು, ಇಲ್ದಿದ್ರೆ ಬಸ್ರಾಗ್ತಾಳೆ. ಮುಂದೆ ಮನಸ್ಸು ಬದ್ಲಾದ್ರೆ ಮಕ್ಳು ಆಗಲ್ಲ."

ಸುರಂಗದಲ್ಲಿ ಭಾರ ಎತ್ತುವ ಶಕ್ತಿ ಉಳಿಯುತ್ತದೆಯೇ ಎಂದು ಆತ ಕೇಳಿದ. ಉಳಿಯುತ್ತದೆ ಎಂದು ಪುಸ್ತಕದಲ್ಲಿದೆ, ನಾನು ಕಂಡವಳಲ್ಲ, ಮಾಡಿಸಿಕೊಂಡವರನ್ನೇ ಕೇಳು ಎಂದಳು. ಆ ಗಣಿಯಲ್ಲೇ ಅದಿರಿನ ಬಂಡಿ ತಳ್ಳುವ ಪೆರುಮಾಳ್ ಎರಡು ವರ್ಷದ ಹಿಂದೆ ಮಾಡಿಸಿಕೊಂಡಿದ್ದ. ಯಾರು ಕೇಳಿದರೂ ನನ್ನ ಹತ್ತಿರ ಕಳಿಸು ಎಂದು ಆಕೆಗೆ ಹೇಳಿಟ್ಟಿದ್ದ. ಪೆರುಮಾಳ್ ಬಚ್ಚಪ್ಪನಿಗೆ ಹೇಳಿದ್ದು ಇಷ್ಟೇ: "ತಂಬಿ, ಮೊದಲ್ನೇ ವಾರ ಬೈಕೊಂಡೆ. ಆಮೇಲೆ ಮರ್ತೋಯ್ತು. ಬಂಡಿ ಇವತ್ತೂ ನಾನೇ ತಳ್ತಾ ಇದೀನಿ, ಬಂದು ನೋಡು."

ಮೇ ತಿಂಗಳಲ್ಲಿ ಬಚ್ಚಪ್ಪ ಆಪರೇಷನ್ ಮಾಡಿಸಿಕೊಂಡ. ಗಂಗರತ್ನಮ್ಮ ಹೇಳಿದಂತೆ ಊದಿಕೊಂಡಿತು, ಹನ್ನೆರಡು ದಿನ ಪಾಳಿ ತಪ್ಪಿತು. ಜೊತೆಯವರು ಕೆಲವು ತಿಂಗಳು ಹಂಗಿಸಿದರು. ಕದಿರಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ. ಮುಂದಿನ ಕೊಯ್ಲಿಗೆ ಹೊಲಕ್ಕಿಳಿದಳು.

ಆದರೆ ಗಂಗರತ್ನಮ್ಮನನ್ನು ಆಕೆ ಮತ್ತೆ ಮಾತಾಡಿಸಲಿಲ್ಲ. ಎದುರಿಗೆ ಬಂದರೆ ಬಿಂದಿಗೆ ಸೊಂಟ ಬದಲಿಸಿ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ಅರವತ್ತೊಂಬತ್ತರಲ್ಲಿ ಗಂಗರತ್ನಮ್ಮನಿಗೆ ಬಂಗಾರಪೇಟೆಗೆ ವರ್ಗವಾಯಿತು. ಹೋಗುವುದಕ್ಕೆ ಒಂದು ವಾರ ಮೊದಲು, ಕದಿರಮ್ಮನ ಊರಿಗೆ ಈಚೆಗೆ ಸೊಸೆಯಾಗಿ ಬಂದು ಒಂದು ಮಗು ಹೆತ್ತಿದ್ದ ಒಬ್ಬಳು ಕೇಂದ್ರಕ್ಕೆ ಹುಡುಕಿಕೊಂಡು ಬಂದಳು. ಎರಡನೆಯ ಮಗುವಿಗೆ ಸ್ವಲ್ಪ ಕಾಲ ತಡೆಯಬೇಕು, ಯಾವುದರಲ್ಲಿ ಏನು ತೊಂದರೆ ಎಂದು ತಿಳಿಸಿ ಎಂದಳು. ಯಾರು ಕಳಿಸಿದರು ಎಂದು ಗಂಗರತ್ನಮ್ಮ ಕೇಳಿದ್ದಕ್ಕೆ, ಪಕ್ಕದ ಮನೆಯ ಕದಿರಮ್ಮ ಎಂದಳು. "ಒಂದ್ಸಲ ಸುಳ್ಳೇಳಿದ್ಲಂತೆ, ಈಗ ಯೋಳಲ್ಲ, ಓಗಿ ಕೇಳು ಅಂದ್ರು."

ಗಂಗರತ್ನಮ್ಮ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ, ಮೊದಲು ಆಕೆಯ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು. ಆಮೇಲೆ ಒಂದೊಂದಾಗಿ ಹೇಳತೊಡಗಿದಳು.