ಯಲ್ಲವ್ವ ಬರೆಸಿದ ಮೂರು ಕಾರ್ಡು

ಮರಾಠಿ ಸೀಮೆಯ ಗಡಿಹಳ್ಳಿ ಮುಚ್ಚಂಡಿಯ ಯಲ್ಲವ್ವನ ಗಂಟಲು ಎಂಥದ್ದಿತ್ತು ಎನ್ನುವುದನ್ನು ಆಕೆಯ ಗಂಡ ವಿಠೋಬನನ್ನೇ ಕೇಳಬೇಕು. ಅವನು ಕುರಿ ಹಿಂಡಿನ ಹಿಂದೆ ಓಡಾಡಿ ಸುಸ್ತಾಗಿ ಕೂತಿದ್ದರೆ, ಇವಳು ದಿಬ್ಬದ ಮೇಲೆ ನಿಂತು ಒಂದು ಸಲ ‘ಹುರ್ರ್ಯೋ’ ಎನ್ನುತ್ತಿದ್ದಳು. ಅರವತ್ತು ಕುರಿಯೂ ಮೇವು ಬಿಟ್ಟು ತಿರುಗಿ ಬರುತ್ತಿದ್ದವು. ಕುರಿಗಳಷ್ಟೇ ಅಲ್ಲ, ವಿಠೋಬನೂ ಬರುತ್ತಾನೆ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಅವನೇನೂ ಅಲ್ಲಗಳೆಯುತ್ತಿರಲಿಲ್ಲ.

ಅದೇ ಗಂಟಲಲ್ಲಿ ಗಡ್ಡೆ ಎದ್ದಿತು. ನಾಲ್ಕೈದು ವರ್ಷದಲ್ಲಿ ಬೆಳೆದು ಉಸಿರಿಗೇ ಅಡ್ಡ ಬಂತು. ೧೯೯೪ರಲ್ಲಿ, ಮಲಗಿದರೆ ಉಸಿರು ಕಟ್ಟುವ ಸ್ಥಿತಿ ಬಂದಾಗ, ವಿಠೋಬ ಅವಳನ್ನು ಮಿರಜದ ಒಂದು ಸಣ್ಣ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರ್ ಬಾಳಾಸಾಹೇಬ ಥೈರಾಯ್ಡ್ ಗಡ್ಡೆಯನ್ನು ಕೊಯ್ದು ತೆಗೆದರು. ಉಸಿರು ಸಲೀಸಾಯಿತು. ದನಿ ಮಾತ್ರ ಗಾಳಿಯಂತೆ ಬರಿದಾಗಿತ್ತು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು, ಆರು ತಿಂಗಳಲ್ಲಿ ದನಿ ಮರಳುತ್ತದೆ ಎಂದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು. ತಾವು ಆಪರೇಷನ್ ಮಾಡಿದವರೆಲ್ಲ ಮುಂದೆ ಹೇಗಿದ್ದಾರೆಂದು ತಿಳಿದು ಸಂಶೋಧನೆ ಬರೆಯುತ್ತಿದ್ದಾರಂತೆ. ವರ್ಷಕ್ಕೊಂದು ಕಾರ್ಡು ಬರುತ್ತದೆ, ತಪ್ಪದೆ ತುಂಬಿ ಕಳಿಸಬೇಕು.

ಕಾರ್ಡು ಬಂತು, ದನಿ ಬರಲಿಲ್ಲ. ಕಾರ್ಡಿನಲ್ಲಿ ಮರಾಠಿಯಲ್ಲಿ ಮೂರು ಪ್ರಶ್ನೆಗಳಿದ್ದವು: ಗಾಯ ಮಾಯ್ದಿದೆಯೇ, ಕೈಬೆರಳು ಜುಮ್ಮೆನ್ನುತ್ತವೆಯೇ, ದನಿ ಮೊದಲಿನಂತಿದೆಯೇ. ಓದು ಬಾರದ ಯಲ್ಲವ್ವ ಅದನ್ನು ಟೇಲರ್ ನಿಜಾಮುದ್ದೀನನ ಅಂಗಡಿಗೆ ಒಯ್ದಳು. ಊರಿನ ಅರ್ಧ ಕಾಗದಪತ್ರ ಬರೆಯುತ್ತಿದ್ದವನು ಅವನೇ. ದನಿಯ ಪ್ರಶ್ನೆಗೆ ಆಕೆ ಪಿಸುಗುಟ್ಟಿದ್ದು ಅವನಿಗೆ ಕೇಳಿಸಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಕಿವಿ ಹತ್ತಿರ ತಂದ. ‘ದನಿ ಚಲೋ ಇದೆ ಎಂದು ಬರೆ’ ಅನ್ನುತ್ತಿದ್ದಳು ಆ ಮಹಾತಾಯಿ!

ನಿಜಾಮುದ್ದೀನ ನಗಬೇಕೋ ಬೇಡವೋ ತಿಳಿಯದೆ ಅವಳ ಮುಖ ನೋಡಿದ. ಆಕೆಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಜೀವ ಉಳಿಸಿದ ಮನುಷ್ಯ ಇಷ್ಟು ದೂರದಿಂದ ಕಾಗದ ಹಾಕಿ ಹೇಗಿದ್ದೀ ಎಂದರೆ, ಅವನೆದುರು ಕೊರತೆ ಹೇಳಿಕೊಳ್ಳುವುದೇ? ಯೋಚಿಸಿದರೆ ನಿಜಾಮುದ್ದೀನನಿಗೂ ಸರಿಯೆನಿಸಿತು. ‘ಇಲ್ಲಿ ಎಲ್ಲರೂ ಕ್ಷೇಮ’ ಎನ್ನದೆ ಅವನು ಜನ್ಮದಲ್ಲಿ ಒಂದು ಕಾಗದ ಬರೆದವನಲ್ಲ. ಚಲೋ ಎನ್ನುವ ಕಡೆ ಗುರುತು ಹಾಕಿ, ಕೆಳಗೆ ತನ್ನ ಕೈಯಿಂದ ‘ತಮ್ಮ ಕೃಪೆಯಿಂದ’ ಎಂದೂ ಸೇರಿಸಿದ. ನಮ್ಮ ಕಡೆಯ ಜನರ ಮರ್ಯಾದೆ ಇಂಥದ್ದು, ಏನು ಮಾಡುವುದು.

ಎರಡನೆಯ ವರ್ಷ ಶೇಗಾಂವದ ಹಾದಿಯ ಗುಡ್ಡದಲ್ಲಿ ತೋಳ ಬಂತು. ಯಲ್ಲವ್ವನ ಕಣ್ಣೆದುರೇ ಒಂದು ಮರಿಯನ್ನು ಕಚ್ಚಿ ಎಳೆಯಿತು. ಆಕೆ ಬಾಯಿ ತೆರೆದಳು, ಬರೀ ಗಾಳಿ ಬಂತು. ಎರಡು ಹೊಲದಾಚೆ ವಿಠೋಬ ಬೆನ್ನು ತಿರುಗಿಸಿ ನಿಂತಿದ್ದವನು ನಿಂತೇ ಇದ್ದ. ಅಂದು ಆಕೆ ಕಲ್ಲಿನ ಮೇಲೆ ಕೂತು ಅತ್ತಳು, ಅಳುವಿಗೂ ಸದ್ದಿರಲಿಲ್ಲ. ಅದಾಗಿ ನಾಲ್ಕು ದಿನಕ್ಕೆ ಬಂದ ಕಾರ್ಡಿಗೂ ಚಲೋ ಎಂದೇ ಬರೆಸಿದಳು. ಮೂರನೆಯದಕ್ಕೂ ಅದೇ. ಅಷ್ಟರಲ್ಲಿ ಹಿಂಡು ಕೂಗುವ ಕೆಲಸ ಮಗಳು ಕಾಜಲ್‌ಳದಾಗಿತ್ತು. ಬಾಯಿಗೆ ಬಿಡುವೇ ಇಲ್ಲದ ಹುಡುಗಿ. ಅವಳು ಮನೆಯಲ್ಲಿದ್ದರೆ ಯಲ್ಲವ್ವನಿಗೆ ಮಾತೇ ಬೇಕಾಗುತ್ತಿರಲಿಲ್ಲ.

೧೯೯೮ರಲ್ಲಿ ಕಾಜಲ್‌ಳ ಕುತ್ತಿಗೆಯೂ ಉಬ್ಬಿತು.

ಮತ್ತೆ ಅದೇ ಆಸ್ಪತ್ರೆ. ಮಾತಾಡಿದ್ದೆಲ್ಲ ವಿಠೋಬ, ಯಲ್ಲವ್ವ ಸೆರಗು ಬಾಯಿಗಿಟ್ಟು ಮೂಲೆಯಲ್ಲಿ ಕೂತಿದ್ದಳು. ತಪಾಸಣೆ ಮುಗಿಸಿದ ಡಾಕ್ಟರು ಆಪರೇಷನ್ ಮರುದಿನವೇ ಎಂದರು. ದನಿ ಹೋದೀತೇ ಎಂದು ಕಾಜಲ್ ಹೆದರಿ ಕೇಳಿದಾಗ ನಕ್ಕು ಒಂದು ಫೈಲು ತೆಗೆದರು. ಅರವತ್ತೊಂದು ಜನರಲ್ಲಿ ಒಬ್ಬರಿಗೂ ದನಿಯ ತೊಂದರೆಯಿಲ್ಲ, ಬರುವ ತಿಂಗಳು ಪುಣೆಯ ವೈದ್ಯರ ಪರಿಷತ್ತಿನಲ್ಲಿ ಇದನ್ನೇ ಓದುತ್ತೇನೆ ಎಂದು ಹೆಮ್ಮೆಯಿಂದ ಹೇಳಿ ಮೂರು ಕಾರ್ಡು ಎತ್ತಿ ಮೇಜಿನ ಮೇಲಿಟ್ಟರು. ‘ನೋಡು, ನಿಮ್ಮವ್ವನವೇ.’

ಕಾಜಲ್ ತಾಯಿಯತ್ತ ತಿರುಗಿದಳು. ಯಲ್ಲವ್ವ ಆ ಕಾರ್ಡುಗಳನ್ನು ನೋಡಿದಳು. ತನ್ನ ಸುಳ್ಳನ್ನೇ ನಂಬಿದ ಡಾಕ್ಟರ ಕತ್ತಿಯ ಕೆಳಗೆ ಮಗಳು ನಾಳೆ ಮಲಗಲಿದ್ದಳು. ಎದ್ದು ಮೇಜಿನ ಹತ್ತಿರ ಬಂದು, ಸೆರಗು ತೆಗೆದು, ಇದ್ದಷ್ಟು ಉಸಿರನ್ನೆಲ್ಲ ಕೂಡಿಸಿ ಹೇಳಿದಳು:

“ಇವು ಖರೆ ಅಲ್ರಿ. ನನ್ನ ದನಿ ಹ್ವಾದದ್ದು ಬಂದಽ ಇಲ್ಲ.”

ಡಾಕ್ಟರ ಮುಖದ ನಗು ಇಳಿಯಿತು. ಮತ್ತೆ ಹೀಗೇಕೆ ಬರೆಸಿದೆ ಎಂದು ಕೇಳಿದರು.

“ನೀವು ಜೀವಾ ಉಳಿಸಿದವ್ರು. ನಿಮಗ ಕೆಟ್ಟ ಅನಸೂದು ಹೆಂಗ ಬರಸ್ಲಿರಿ?”

ಆಕೆ ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು. ಡಾಕ್ಟರು ಬೈಯಲಿಲ್ಲ. ತುದಿಯಲ್ಲಿ ಪುಟ್ಟ ಕನ್ನಡಿಯಿದ್ದ ಕಡ್ಡಿಯನ್ನು ಅವಳ ಬಾಯೊಳಗೆ ಹಿಡಿದು ಬಹಳ ಹೊತ್ತು ನೋಡಿದರು. ದನಿಯ ಎರಡು ತಂತುಗಳಲ್ಲಿ ಒಂದು ಅಲುಗಾಡುತ್ತಿರಲಿಲ್ಲ. ಅದರ ನರ ಅಂದು ತಮ್ಮ ಕತ್ತಿಗೇ ಸಿಕ್ಕಿರಬೇಕು ಎಂದು ಮೆಲ್ಲಗೆ ಹೇಳಿ ಕೈ ಮುಗಿದರು. ದೊಡ್ಡವರು ತನಗೆ ಕೈ ಮುಗಿಯುವುದೆಂದರೇನು ಎಂದು ಯಲ್ಲವ್ವ ಗಾಬರಿಯಾದಳು.

ಕಾಜಲ್‌ಳ ಆಪರೇಷನ್ನು ಮುಂದೆ ಹೋಯಿತು. ಡಾಕ್ಟರು ಅರವತ್ತೊಂದು ಜನರಿಗೂ ಹೊಸ ಕಾಗದ ಹಾಕಿದರು: ಬರೆಯಬೇಡಿ, ಖುದ್ದಾಗಿ ಬನ್ನಿ. ಬಂದ ನಲವತ್ತು ಜನರನ್ನು ಕನ್ನಡಿ ಹಿಡಿದು ನೋಡಿದರೆ ಇನ್ನೂ ನಾಲ್ವರ ದನಿ ಹೋಗಿತ್ತು. ನಾಲ್ವರೂ ಚಲೋ ಎಂದು ಬರೆಸಿದವರೇ! ಡಾಕ್ಟರು ಪುಣೆಗೆ ಹೋದದ್ದು ನಿಜ. ಆದರೆ ಓದುವುದಕ್ಕಲ್ಲ, ಆ ನೂಲಿನಂಥ ನರವನ್ನು ಮೊದಲು ಹುಡುಕಿ, ಕಣ್ಣಾರೆ ಕಂಡ ಮೇಲೆಯೇ ಗಡ್ಡೆ ತೆಗೆಯುವ ರೀತಿಯನ್ನು ಬಲ್ಲವರ ಹತ್ತಿರ ಕಲಿಯಲಿಕ್ಕೆ. ಐವತ್ತರ ವಯಸ್ಸಿನಲ್ಲಿ ಇನ್ನೊಬ್ಬರ ಪಕ್ಕ ನಿಂತು ಕಲಿಯುವುದು ಸಣ್ಣ ಮಾತಲ್ಲ.

ಮೂರು ತಿಂಗಳ ಮೇಲೆ ಕಾಜಲ್‌ಳನ್ನು ಒಳಗೆ ಒಯ್ದರು. ತಾಯಿಗೆ ಒಂದು ತಾಸು ಹಿಡಿದದ್ದು ಮಗಳಿಗೆ ಮೂರು ತಾಸು ಹಿಡಿಯಿತು. ಯಲ್ಲವ್ವ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದಳು. ವಿಠೋಬ ತಂದ ಚಹಾ ಹಾಗೇ ಆರಿಹೋಯಿತು.

ಇಳಿಹೊತ್ತಿಗೆ ವಾರ್ಡಿನೊಳಗಿಂದ ಜಗಳ ಕೇಳಿಸಿತು. ನೀರು ಕೊಡಲೊಲ್ಲದ ಸಿಸ್ಟರನ್ನು ಕಾಜಲ್ ತರಾಟೆಗೆ ತೆಗೆದುಕೊಂಡಿದ್ದಳು. ದನಿ ಒರಟಾಗಿತ್ತು, ಆದರೆ ಆಸ್ಪತ್ರೆಯ ಆ ಉದ್ದನೆಯ ಪಡಸಾಲೆಯ ಕೊನೆಯವರೆಗೂ ಮುಟ್ಟಿತು. ಸಿಸ್ಟರು ಸಿಡುಕುತ್ತ ಹೊರಗೆ ಬಂದು, ‘ನಿಮ್ಮ ಹುಡುಗಿಗೆ ಸುಮ್ಮನಿರಲು ನೀವೇ ಹೇಳಿ, ಉಳಿದ ಪೇಷಂಟುಗಳಿಗೆ ತ್ರಾಸಾಗುತ್ತಿದೆ’ ಎಂದಳು.

ಯಲ್ಲವ್ವನ ಕಣ್ಣು ತುಂಬಿ ಹರಿಯುತ್ತಿತ್ತು. ಆಕೆ ಸಿಸ್ಟರಿನ ಕೈ ಹಿಡಿದು ಹತ್ತಿರ ಎಳೆದು, ಅವಳ ಕಿವಿಯಲ್ಲಿ ಅಂದಳು:

“ನಾ ಹೇಳಂಗಿಲ್ರಿ. ಒದರ್ಲಿ ಬಿಡ್ರಿ.”