ಅರವತ್ತಮೂರು ಸೆಂಟಿಮೀಟರ್

ಕಣ್ಣಿಗೆ ಕಂಡದ್ದನ್ನು, ಟೇಪಿನ ಅಳತೆಗೆ ಸಿಕ್ಕಿದ್ದನ್ನು ಬಿಟ್ಟು ಬೇರೇನನ್ನೂ ನಂಬಿದವನಲ್ಲ ನಾನು. ಮೂವತ್ತು ವರ್ಷ ಹೈಸ್ಕೂಲುಗಳಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ದೆವ್ವ, ಶಕುನ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ಹೇಳಹೊರಟಿರುವ ಸಂಗತಿಯಲ್ಲಿ ದೆವ್ವವಿಲ್ಲ, ನನ್ನ ಸಣ್ಣತನವಿದೆ. ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದಕ್ಕೆ ಅದೇ ಕಾರಣ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಅರಕಲಗೂಡು ತಾಲ್ಲೂಕಿನಲ್ಲಿದ್ದೆ. ಕೊಣನೂರು ಕಡೆಯ ಭಾಗ್ಯ ಅನ್ನುವ ಹುಡುಗಿ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಳು. ನಾನೂರು ಮೀಟರ್ ಓಟಕ್ಕೆ ಅಂಥ ಕಾಲು ನಾನು ಮತ್ತೆ ಕಂಡಿಲ್ಲ. ಜಿಲ್ಲಾ ಮಟ್ಟದಲ್ಲಿ ಗೆದ್ದು ರಾಜ್ಯಕ್ಕೆ ಹೋದರೆ ಕ್ರೀಡಾ ಹಾಸ್ಟೆಲು, ಸೋತರೆ ಮದುವೆ ಅಂತ ಅವಳಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

ಫೈನಲ್ ಹಾಸನದಲ್ಲಿ. ಭಾಗ್ಯನಿಗೆ ಎಲ್ಲಕ್ಕಿಂತ ಒಳಗಿನ ಒಂದನೇ ಲೇನು ಬಂತು. ಎರಡನೇ ಲೇನಿನಲ್ಲಿ ಚನ್ನರಾಯಪಟ್ಟಣ ಕಡೆಯ ಪುಟ್ಟಸ್ವಾಮಿ ಮೇಷ್ಟ್ರ ಶಿಷ್ಯೆ. ಟ್ರ್ಯಾಕ್ ಅಳೆದು ಸುಣ್ಣ ಹಾಕಿಸಿದ್ದವರೂ ಪುಟ್ಟಸ್ವಾಮಿಯೇ. ಭಾಗ್ಯ ಆ ಹುಡುಗಿಗೆ ಒಂದು ಮೊಳದ ಅಂತರದಲ್ಲಿ ಸೋತಳು. "ನಾನೇ ಸರ್ಯಾಗಿ ಓಡ್ನಿಲ್ಲ ಸಾ" ಅಂದಳು, ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಎಲ್ಲರೂ ಊಟಕ್ಕೆ ಹೋದಾಗ ಟೇಪು ಹಿಡಿದೆ. ನಿಮಗೆ ಇಷ್ಟು ಗೊತ್ತಿದ್ದರೆ ಸಾಕು: ಸುತ್ತು ಓಟದಲ್ಲಿ ಹೊರಗಿನ ಲೇನು ಉದ್ದವಾಗುವುದರಿಂದ ಅಲ್ಲಿಯವರನ್ನು ಅಷ್ಟಷ್ಟೇ ಮುಂದೆ ನಿಲ್ಲಿಸುತ್ತೇವೆ. ಒಂದನೇ ಲೇನಿನ ಉದ್ದವನ್ನು ಒಳಗೆರೆಯಿಂದ ಮೂವತ್ತು ಸೆಂಟಿಮೀಟರ್ ಆಚೆ ಹಿಡಿಯಬೇಕು, ಮಿಕ್ಕ ಲೇನುಗಳಿಗೆ ಇಪ್ಪತ್ತು. ಆ ಹತ್ತು ಸೆಂಟಿಮೀಟರ್ ಮರೆತು ಲೆಕ್ಕ ಹಾಕಿದರೆ ಒಂದನೇ ಲೇನಿನವರನ್ನು ಬಿಟ್ಟು ಉಳಿದವರೆಲ್ಲ ಅರವತ್ತಮೂರು ಸೆಂಟಿಮೀಟರ್, ಅಂದರೆ ಎರಡು ಅಡಿ, ಪುಕ್ಕಟೆ ಮುಂದೆ ನಿಲ್ಲುತ್ತಾರೆ. ಎರಡನೇ ಲೇನಿನ ಗೆರೆ ಏಳು ಮೀಟರ್ ನಾಲ್ಕು ಸೆಂಟಿಮೀಟರ್ ಮುಂದೆ ಇರಬೇಕಿತ್ತು. ಏಳು ಅರವತ್ತೇಳಕ್ಕಿತ್ತು.

ದೂರು ಕೊಟ್ಟೆ. ಫಲಿತಾಂಶ ಬರೆದಾಗಿದೆ ಅಂದರು. ಪುಟ್ಟಸ್ವಾಮಿ ಮುಖ ತಿರುಗಿಸಿಕೊಂಡು ಹೋದರು. ಬೇಸಿಗೆಯಲ್ಲಿ ಭಾಗ್ಯನ ಮದುವೆಯಾಯಿತು. ಊಟಕ್ಕೆ ಕೂತೆ, ಅರ್ಧಕ್ಕೇ ಎದ್ದು ಬಂದೆ.

ಆರು ವರ್ಷ ಹಲ್ಲು ಕಚ್ಚಿಕೊಂಡು ಕಾದೆ. ಅಷ್ಟರಲ್ಲಿ ನನಗೆ ಹೊಳೆನರಸೀಪುರಕ್ಕೆ ವರ್ಗವಾಗಿತ್ತು. ಆ ವರ್ಷದ ಜಿಲ್ಲಾ ಕ್ರೀಡಾಕೂಟ ಅಲ್ಲೇ ನಡೆಯಿತು, ಟ್ರ್ಯಾಕಿನ ಹೊಣೆ ನನ್ನದೇ. ನಾನೂರು ಮೀಟರಿನ ಫೈನಲ್‌ಗೆ ಪುಟ್ಟಸ್ವಾಮಿಯವರ ಸ್ವಂತ ಮಗಳು ಬಂದಿದ್ದಳು. ಮೊದಲ ದಿನ ಸಂಜೆ ಚೀಟಿ ಎತ್ತಿಸಿದೆವು. ಅವಳ ಕೈಗೆ ಒಂದನೇ ಲೇನು ಬಂತು. ಆಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ, ಮೈಯೆಲ್ಲ ಬೆಚ್ಚಗಾಯಿತು.

ದಿನವಿಡೀ ಮಕ್ಕಳು ತುಳಿದು ಅಳಿಸಿದ ಗೆರೆಗಳನ್ನು ಸಂಜೆ ಮತ್ತೆ ಎಳೆಯಬೇಕು. ಸಹಾಯಕ್ಕಿದ್ದವರನ್ನು ಟೀ ಕುಡಿಯಲು ಕಳಿಸಿ ಒಬ್ಬನೇ ನಿಂತೆ. ಗೆರೆಯ ಜಾಗ ತಪ್ಪದಿರಲೆಂದು ನೆಲಕ್ಕೆ ದಪ್ಪ ಮೊಳೆ ಹೊಡೆದಿರುತ್ತೇವೆ. ಎರಡನೇ ಲೇನಿನಿಂದ ಎಂಟನೆಯದರವರೆಗೆ ಏಳೂ ಮೊಳೆಗಳನ್ನು ಕಿತ್ತು, ಅರವತ್ತಮೂರು ಸೆಂಟಿಮೀಟರ್ ಮುಂದೆ ಅಳೆದು ಹೊಡೆದೆ. ಹಳೆಯ ತೂತುಗಳಿಗೆ ಮಣ್ಣು ತುಂಬಿ ತುಳಿದೆ. ಕಲ್ಲಿನಂಥ ನೆಲ, ಸುತ್ತಿಗೆ ಜಾರಿ ಎಡಗೈ ಹೆಬ್ಬೆರಳ ಮೇಲೆ ಬಿತ್ತು. ಹೊಸ ಜಾಗದಲ್ಲೇ ಸುಣ್ಣದ ಗೆರೆ ಎಳೆದು, ಎರಡನೇ ಲೇನಿಗೆ ಮತ್ತೊಮ್ಮೆ ಟೇಪು ಹಿಡಿದೆ. ಏಳು ಅರವತ್ತೇಳು. ಸಮಾಧಾನದಿಂದ ಮನೆಗೆ ಹೋಗಿ ಉಂಡು ಮಲಗಿದೆ.

ಬೆಳಿಗ್ಗೆ ಓಟ ನಡೆಯಿತು. ಪುಟ್ಟಸ್ವಾಮಿಯವರ ಮಗಳು ಪ್ರಾಣ ಪಣಕ್ಕಿಟ್ಟು ಓಡಿದಳು. ಒಂದು ಮೊಳದಲ್ಲಿ ಸೋತಳು. ಅಪ್ಪನ ಹೆಗಲ ಮೇಲೆ ಮುಖ ಇಟ್ಟುಕೊಂಡು ಅವಳು ಬಿಕ್ಕುವುದನ್ನು ನಾನು ಕಣ್ತುಂಬ ನೋಡಿದೆ.

ಆಮೇಲೆ ಪುಟ್ಟಸ್ವಾಮಿ ಸ್ಟೀಲ್ ಟೇಪು ಹಿಡಿದುಕೊಂಡು ನೇರ ಎರಡನೇ ಲೇನಿಗೆ ಬಂದರು. ನನಗೆ ಬೇಕಾಗಿದ್ದೂ ಅದೇ. ಸಿಕ್ಕಿಬಿದ್ದರೆ ಕೆಲಸಕ್ಕೆ ಕುತ್ತು ಅಂತ ಗೊತ್ತಿತ್ತು, ಆದರೂ ಅಳೆಯಲಿ, ಅಳೆದು ನನ್ನ ಮುಖ ನೋಡಲಿ ಅಂತ ಪಕ್ಕದಲ್ಲೇ ನಿಂತೆ. ಭಾಗ್ಯನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಅವರು ಕುಕ್ಕರಗಾಲಲ್ಲಿ ಕೂತು ಒಂದು ಸಲ ಅಳೆದರು, ಇನ್ನೊಂದು ಸಲ ಅಳೆದರು. ನಾನೂ ಬಗ್ಗಿ ನೋಡಿದೆ. ಏಳು ಮೀಟರ್ ನಾಲ್ಕು ಸೆಂಟಿಮೀಟರ್.

ಪುಟ್ಟಸ್ವಾಮಿ ಟೇಪು ಸುತ್ತಿಕೊಂಡು ಎದ್ದರು. "ಅವತ್ತು ಹಾಸನದಲ್ಲಿ ನಾನು ತಪ್ಪು ಹಾಕಿದ್ದೆ ಸಾ. ಓಟ ಮುಗಿದ್ಮೇಲೆ ಗೊತ್ತಾಯ್ತು, ಗೊತ್ತಾದ್ರೂ ಸುಮ್ನಿದ್ಬುಟ್ಟೆ. ನನ್ನ ಮಗಳಿಗೆ ನೀವು ಅಂಗೆ ಮಾಡಿರ್ತೀರಿ ಅಂತ ಬಂದೆ. ನೀವು ಮಾಡ್ಲಿಲ್ಲ." ಎಲ್ಲರ ಎದುರಿಗೆ ಬಗ್ಗಿ ನನ್ನ ಕಾಲು ಮುಟ್ಟಿದರು. ನನಗಿಂತ ಹಿರಿಯ ಮನುಷ್ಯ.

ಮೈದಾನ ಖಾಲಿಯಾದ ಮೇಲೆ ಒಂದೊಂದೇ ಮೊಳೆ ನೋಡಿದೆ. ಏಳೂ ಹಳೆಯ ಜಾಗದಲ್ಲೇ ಇದ್ದವು, ತಲೆಯ ಸುತ್ತ ಮಣ್ಣು ಬಿಗಿಯಾಗಿತ್ತು. ಮುಂದೆ ನಾನು ಹೊಡೆದ ಕಡೆ ಒಂದು ತೂತಿಲ್ಲ, ಒಂದು ಚಿಟಿಕೆ ಸುಣ್ಣವಿಲ್ಲ. ಯಾರೋ ರಾತ್ರಿ ಬಂದು ಸರಿಪಡಿಸಿದರು ಅಂದುಕೊಳ್ಳೋಣ ಅಂದರೆ, ಕಿತ್ತ ತೂತಾದರೂ ಉಳಿಯಬೇಕಲ್ಲ. ನಾನೇ ಕನಸು ಕಂಡೆ ಅನ್ನೋಣ ಅಂದರೆ, ಹೆಬ್ಬೆರಳಿನ ಉಗುರು ಕಪ್ಪಾಗಿ ಎರಡು ತಿಂಗಳಿಗೆ ಬಿದ್ದುಹೋಯಿತು.

ಅಂದಿನಿಂದ ಜಿಲ್ಲೆಯಲ್ಲಿ ನನಗೆ ಪ್ರಾಮಾಣಿಕ ಅನ್ನುವ ಹೆಸರು ಬಂತು. ನಿವೃತ್ತಿಯ ದಿನ ಹಾರ ಹಾಕಿದವರೂ ಅದನ್ನೇ ಹೇಳಿದರು. ಆ ಗೆರೆಗಳನ್ನು ಯಾರು, ಏಕೆ ಹಿಂದಕ್ಕೆ ಸರಿಸಿದರೋ ನನಗೆ ಇಂದಿಗೂ ತಿಳಿಯದು. ಪುಟ್ಟಸ್ವಾಮಿಯನ್ನು ನಾನು ಕ್ಷಮಿಸಿಲ್ಲ. ನಾಳೆ ಆ ಮೊಳೆಗಳನ್ನು ಮತ್ತೆ ನನ್ನ ಕೈಗೆ ಕೊಟ್ಟರೆ ಏಳು ಅರವತ್ತೇಳಕ್ಕೇ ಹೊಡೆಯುತ್ತೇನೆ.