ಸೈಲೆನ್ಸರಿಗೆ ತೆಂಗಿನೆಣ್ಣೆ

ತುಕ್ಕಿಗೆ ನಾನು ಹೆದರುವಷ್ಟು ನನ್ನ ಮ್ಯಾನೇಜರಿಗೂ ಹೆದರುವುದಿಲ್ಲ. ಹುಟ್ಟಿ ಬೆಳೆದದ್ದು ಮಲ್ಪೆಯ ಕಡಲಿನ ಹತ್ತಿರ. ಅಲ್ಲಿನ ಉಪ್ಪುಗಾಳಿ ಕಿಟಕಿಯ ಸರಳನ್ನೂ ಬಿಡುವುದಿಲ್ಲ. ಮಳೆಗಾಲಕ್ಕೆ ಮೊದಲು ಕತ್ತಿ, ಕಾವಲಿ, ಗೇಟಿನ ಚಿಲಕ ಎಲ್ಲಕ್ಕೂ ಎಣ್ಣೆ ಸವರುವುದು ನಮ್ಮ ಮನೆಯ ವಾಡಿಕೆ. ಕಬ್ಬಿಣ ಹೇಗೂ ಮಣ್ಣಿನಿಂದ ಬಂದದ್ದು. ತುಕ್ಕೆಂದರೆ ಅದು ಮಣ್ಣಿಗೆ ಮರಳಲು ಹಾಕುವ ಅರ್ಜಿ. ಎಣ್ಣೆ ಹಚ್ಚಿದರೆ ಆ ಅರ್ಜಿಯ ವಿಚಾರಣೆ ಒಂದಿಷ್ಟು ಮುಂದಕ್ಕೆ ಹೋಗುತ್ತದೆ, ಅಷ್ಟೆ.

ಕೋವಿಡ್ ಕಾಲದಲ್ಲಿ ಎಲ್ಲರೂ ಬ್ರೆಡ್ ಮಾಡಲು ಕಲಿತರು. ನಾನು ಐವತ್ತು ವರ್ಷ ಹಳೆಯ ಕಾರೊಂದನ್ನು ತಂದು ಅಮೆರಿಕದ ಅಲ್ಫರೆಟಾದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಊಟದ ಮೇಜಿನಲ್ಲಿ ಫೋನಿನಿಂದ ತಲೆ ಎತ್ತದ ಮಗಳು ಅನಘಾ, ಗ್ಯಾರೇಜಿಗೆ ಬಂದು ಸ್ಪ್ಯಾನರ್ ಹಿಡಿದು ಮಾತಾಡತೊಡಗಿದಳು. ಕಾಲೇಜು ಎಲ್ಲೇ ಸಿಗಲಿ, ಸೇರುವ ದಿನ ಇದೇ ಕಾರಿನಲ್ಲಿ ಹೋಗುವುದೆಂದು ನಮ್ಮಿಬ್ಬರೊಳಗೆ ಮಾತಾಯಿತು. ಅಂದಿನಿಂದ ಆ ಕಾರನ್ನು ಉಳಿಸುವುದೇ ನನ್ನ ನಿಜವಾದ ಉದ್ಯೋಗ.

ಹೊಗೆಯ ಕೊಳವೆಗೂ, ಇಲ್ಲಿಯವರು ಮಫ್ಲರ್ ಎನ್ನುವ ಸೈಲೆನ್ಸರಿಗೂ ತೆಂಗಿನೆಣ್ಣೆ ಸವರಿದೆ. ಇಂಜಿನ್ ಶುರು ಮಾಡಿದರೆ ಗ್ಯಾರೇಜಿನ ತುಂಬ ಕರಿದ ತಿಂಡಿಯ ವಾಸನೆ. "ಎಂತ ಮಾರಾಯ್ರೆ, ಕಾರು ಸ್ಟಾರ್ಟ್ ಮಾಡ್ತಾ ಇದ್ದೀರೋ, ಹಪ್ಪಳ ಕಾಯಿಸ್ತಾ ಇದ್ದೀರೋ?" ಎಂದು ಹೆಂಡತಿ ಒಳಗಿನಿಂದ ಕೇಳುತ್ತಿದ್ದಳು. ಮಳೆ ತಾಗೀತೆಂದು ಕಾರನ್ನು ರಸ್ತೆಗೇ ಇಳಿಸಲಿಲ್ಲ. ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಗ್ಯಾರೇಜಿನ ಬಾಗಿಲೆತ್ತಿ, ಐದು ನಿಮಿಷ ಇಂಜಿನ್ ಓಡಿಸಿ ಆರಿಸುತ್ತಿದ್ದೆ. ಅದೂ ಒಂದು ಪೂಜೆಯೇ ಆಗಿತ್ತು.

ಅನಘಾ ಶಾರ್ಲಟ್‌ನ ಕಾಲೇಜಿಗೆ ಹೊರಡುವ ಹಿಂದಿನ ವಾರ, ಕಾರನ್ನು ಹಿಂದಕ್ಕೆ ತೆಗೆಯುವಾಗ ಸೈಲೆನ್ಸರ್ ಕಳಚಿ ಬಿತ್ತು. ಹೊರಗೆ ಎಣ್ಣೆಯ ಹೊಳಪು, ಒಳಗೆ ಬರೀ ತುಕ್ಕಿನ ಪುಡಿ. ಹೊಸದು ಬರಲು ತಿಂಗಳು ಬೇಕಂತೆ. ಅನಘಾ ಫೋನಿನಲ್ಲಿ ಹುಡುಕಿ ಓದಿದಳು.

"ಅಪ್ಪಾ, ಇಂಜಿನ್ ಓಡಿದ್ರೆ ಪೈಪ್‌ನಲ್ಲಿ ವಾಟರ್ ಬರುತ್ತೆ. ತುಂಬಾ ಹಾಟ್ ಆದ್ರೆ ಡ್ರೈ ಆಗುತ್ತೆ. ಫೈವ್ ಮಿನಿಟ್ಸಲ್ಲಿ ಹಾಟ್ ಆಗಲ್ಲ."

ಅಂದರೆ ಇಷ್ಟು ವರ್ಷ ದಿನವೂ ಮಡಿಯಿಂದ, ಶ್ರದ್ಧೆಯಿಂದ, ಅದರೊಳಗೆ ನೀರು ತುಂಬಿದವನು ನಾನೇ. ಸುಮ್ಮನೆ ಅವಳನ್ನು ಕೂರಿಸಿಕೊಂಡು ಅಲ್ಲಿ ಇಲ್ಲಿ ಸುತ್ತಿದ್ದರೆ ಸಾಕಿತ್ತು. ಗ್ಯಾರೇಜಿನ ನೆಲದ ಮೇಲೆ ಕುಳಿತಾಗ ಆದ ಸಂಕಟವನ್ನು ಕಾರು ಇಲ್ಲದವರಿಗೆ ಹೇಗೆ ಹೇಳಲಿ? ಮಕ್ಕಳಿರುವವರಿಗೆ ಅರ್ಥವಾದೀತು.

ನಾಲ್ಕು ಗಂಟೆಯ ದಾರಿ, ಮಿನಿವ್ಯಾನಿನಲ್ಲೇ ಹೋದೆವು. ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ದಾರಿಯುದ್ದಕ್ಕೂ ನಿದ್ದೆ ಮಾಡಿದಳು. ನಾನು ಕೂಡಿಟ್ಟಿದ್ದ ಮಾತೆಲ್ಲ ಹಾಗೇ ಉಳಿಯಿತು.

ಈಗ ಹೊಸ ಸೈಲೆನ್ಸರ್ ಹಾಕಿಸಿದ್ದೇನೆ. ಮೊನ್ನೆ ಫೋನಿನಲ್ಲಿ ಅವಳನ್ನು ಕೇಳಿದೆ: "ಮಗಾ, ಪೈಪ್ ಒಣಗ್ಬೇಕಾದ್ರೆ ಕಾರು ದೂರ ಓಡ್ಬೇಕಲ್ಲ? ವಾರಕ್ಕೊಮ್ಮೆ ಶಾರ್ಲಟ್‌ಗೆ ಬರ್ಲಾ?"

"ಅಪ್ಪಾ, ಹಾಫ್ ಆ್ಯನ್ ಅವರ್ ಸಾಕು."

ಅವಳು ಹೇಳಿದ್ದು ಸರಿ, ತಿಳಿದವರೆಲ್ಲ ಅದನ್ನೇ ಹೇಳುತ್ತಾರೆ. ಹಾಗಾಗಿ ಭಾನುವಾರ ಕಾರು ತೆಗೆದು, ಹದಿನೈದು ನಿಮಿಷ ಶಾರ್ಲಟ್ ಇರುವ ದಿಕ್ಕಿಗೆ ಹೋಗಿ, ಅಲ್ಲಿಂದ ತಿರುಗಿಸಿಕೊಂಡು ಬರುತ್ತೇನೆ.